ಹಿಮನದಿಯ ಮೇಲೆ ನಡೆಯಲು ಕಲಿಯುವವರಿಗೆ: ರಾಟೆಗಿಂತ ಮೊದಲು ಹಗ್ಗ

ನನ್ನ ಜೊತೆ ಅಭ್ಯಾಸಕ್ಕೆ ಬರುವ ಹೊಸಬರು ಸಾಮಾನ್ಯವಾಗಿ ಮೊದಲು ಕೇಳುವುದು ರಾಟೆಯ ಬಗ್ಗೆ: ಬಿರುಕಿಗೆ ಬಿದ್ದವರನ್ನು ಮೂರಕ್ಕೆ ಒಂದರ ಲೆಕ್ಕದಲ್ಲಿ (ಒಂದು ಪಾಲು ಬಲಕ್ಕೆ ಮೂರು ಪಾಲು ಹೊರೆ) ಎಳೆಯುವುದು ಹೇಗೆ, ಆರಕ್ಕೆ ಒಂದು ಮಾಡುವುದು ಹೇಗೆ? ಅದನ್ನೂ ಕಲಿಯಬೇಕು, ನಿಜ. ಆದರೆ ನಾನು ಅದನ್ನು ಕೊನೆಗೆ ಇಡುತ್ತೇನೆ. ಮೊದಲು ಐಸ್ ಓದುವುದು, ಆಮೇಲೆ ಹಗ್ಗ ಹಿಡಿದು ನಡೆಯುವುದು, ಆಮೇಲೆ ಬೀಳುವವರನ್ನು ತಡೆಯುವುದು, ಆಮೇಲೆ ಆಂಕರ್, ಅಂದರೆ ಹಗ್ಗದ ಹೊರೆ ಹೊರುವ ಗಟ್ಟಿ ಆಸರೆ. ಇವು ಗಟ್ಟಿಯಾದರೆ ರಾಟೆಯ ಅಗತ್ಯ ಬರುವುದೇ ಅಪರೂಪ. ಬಂದರೂ ಕೈ ನಡುಗುವುದಿಲ್ಲ.

ಹಿಮನದಿಯಲ್ಲಿ ಮೇಲಿನ ಸುಮಾರು 30ರಿಂದ 50 ಮೀಟರ್ ಐಸ್ ಗಡುಸು, ಒಡೆಯುವಂಥದ್ದು. ಅದರ ಕೆಳಗಿನದು ಒತ್ತಡಕ್ಕೆ ಸಿಕ್ಕಿ ನಿಧಾನವಾಗಿ ಹರಿಯುತ್ತಿರುತ್ತದೆ. ಹರಿವು ಎಲ್ಲಿ ಹಿಗ್ಗುತ್ತದೋ ಅಲ್ಲಿ ಮೇಲ್ಪದರ ಬಿರಿಯುತ್ತದೆ. ಇಳಿಜಾರು ಇದ್ದಕ್ಕಿದ್ದಂತೆ ಕಡಿದಾಗುವ ಉಬ್ಬಿನಲ್ಲಿ ಅಡ್ಡ ಬಿರುಕುಗಳು ಸಿಗುತ್ತವೆ. ಬಂಡೆಗೆ ಉಜ್ಜಿಕೊಂಡು ಸಾಗುವ ಅಂಚುಗಳಲ್ಲಿ, ದಡದಿಂದ ನಡುವಿಗೆ ಸುಮಾರು 45 ಡಿಗ್ರಿ ಓರೆಯಲ್ಲಿ ಮೇಲ್ಭಾಗದ ಕಡೆಗೆ ಚಾಚಿದ ಬಿರುಕುಗಳು. ತಿರುವಿನಲ್ಲಿ ಹೊರಬದಿ ಹೆಚ್ಚು ಹರಿದಿರುತ್ತದೆ, ಒಳಬದಿ ಒತ್ತಿಕೊಂಡಿರುತ್ತದೆ. ಆದ್ದರಿಂದ ದಾರಿ ಆರಿಸುವಾಗ ತಗ್ಗು, ಒಳತಿರುವು, ಸಮತಟ್ಟು ಇವು ನಮ್ಮವು, ಉಬ್ಬು ನಮ್ಮದಲ್ಲ. ಇದನ್ನು ನಕಾಶೆಯ ಮೇಲೆಯೇ ಅರ್ಧ ಓದಬಹುದು. ಸಮೋನ್ನತಿ ರೇಖೆಗಳು ದೂರ ದೂರ ಇದ್ದು ಒಮ್ಮೆಲೇ ಹತ್ತಿರವಾಗುವ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟುಕೊಳ್ಳಿ.

ಬೇಸಿಗೆಯಲ್ಲಿ ಬರಿ ಐಸ್ ಇರುವ ಕೆಳಭಾಗದಲ್ಲಿ ಬಿರುಕು ಕಣ್ಣಿಗೆ ಕಾಣುತ್ತದೆ. ಭಯ ಇರುವುದು ಹಿಮ ಮುಚ್ಚಿದ ಮೇಲ್ಭಾಗದಲ್ಲಿ. ಅಲ್ಲಿ ಹಿಮದ ಸೇತುವೆ ಬಿರುಕನ್ನು ಪೂರ್ತಿ ಮರೆಮಾಡಿರುತ್ತದೆ. ಸುತ್ತಲಿನ ಹಿಮಕ್ಕಿಂತ ಸ್ವಲ್ಪ ಕುಸಿದ, ಬಣ್ಣ ಮಾಸಿದ ಉದ್ದನೆಯ ಪಟ್ಟಿಗಳನ್ನು ಹುಡುಕಿ. ಬೆಳಗಿನ ಮತ್ತು ಸಂಜೆಯ ಓರೆ ಬೆಳಕಿನಲ್ಲಿ ಅವು ನೆರಳಾಗಿ ಎದ್ದು ಕಾಣುತ್ತವೆ. ಅನುಮಾನ ಬಂದರೆ ಪ್ರೋಬ್ (ಹಿಮ ಪರೀಕ್ಷಿಸುವ ಉದ್ದನೆಯ ಕೋಲು) ಚುಚ್ಚಿ. ಒಂದೇ ಬಿಗಿಯಲ್ಲಿ ಇಳಿಯುತ್ತಿದ್ದ ಕೋಲು ಫಕ್ಕನೆ ಸಡಿಲವಾಗಿ ಜಾರಿದರೆ ಅಡಿಯಲ್ಲಿ ಟೊಳ್ಳು ಇದೆ. ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಸೇತುವೆ ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗುತ್ತದೆ. ಕತ್ತಲಲ್ಲೇ ಹೊರಟು ಬಿಸಿಲೇರುವ ಮುನ್ನ ಹಿಂತಿರುಗುವುದು ಅದಕ್ಕೇ.

ಇನ್ನು ಹಗ್ಗ. ಮೂವರಿದ್ದರೆ ಒಬ್ಬರಿಂದ ಒಬ್ಬರಿಗೆ 10–12 ಮೀಟರ್ ಅಂತರ ಸಾಕು. ಇಬ್ಬರೇ ಆದರೆ 15 ಮೀಟರಿಗೂ ಹೆಚ್ಚು ಬೇಕು, ಜೊತೆಗೆ ನಡುವಿನ ಹಗ್ಗದಲ್ಲಿ ಬಟರ್‌ಫ್ಲೈ ಗಂಟುಗಳು. ಬಿದ್ದಾಗ ಆ ಗಂಟು ಬಿರುಕಿನ ಅಂಚಿನ ಹಿಮಕ್ಕೆ ಕಚ್ಚಿಕೊಂಡು ಹೊರೆಯನ್ನು ತಡೆಯುತ್ತದೆ. ಆದರೆ ಗಂಟು ಕಚ್ಚಿದ ಹಗ್ಗದಲ್ಲಿ ಮೇಲಕ್ಕೆ ಎಳೆಯುವುದು ಆಗದ ಕೆಲಸ. ಹಾಗಾಗಿ ತುದಿಯವರು ಉಳಿದ ಹಗ್ಗವನ್ನು ಸುತ್ತಿ ಹೊತ್ತಿರಬೇಕು. ಕೆಳಗಿನವರಿಗೆ ಇಳಿಬಿಡಲು ಬೇಕಾಗುವುದು ಅದೇ.

ನಡೆಯುವಾಗ ಹಗ್ಗ ನಡುವೆ ಹಿಮವನ್ನು ಸ್ವಲ್ಪವೇ ಸವರುವಷ್ಟು ಇರಲಿ. ಮುಂದಿನವರು ನಿಂತರೆ ಹಿಂದಿನವರೂ ಅಲ್ಲೇ ನಿಲ್ಲಬೇಕು. ಫೋಟೋಗೆ, ನೀರಿಗೆ, ಮಾತಿಗೆ ಅಂತ ಒಂದೆಡೆ ಗುಂಪುಗೂಡಿದರೆ ಹಗ್ಗ ಸಡಿಲವಾಗಿ ಕಾಲಬಳಿ ಬೀಳುತ್ತದೆ. ಎರಡು ಮೀಟರ್ ಸಡಿಲ ಎಂದರೆ ಬೀಳುವವರು ಎರಡು ಮೀಟರ್ ಹೆಚ್ಚು ಬಿದ್ದು, ಅಷ್ಟು ವೇಗ ಪಡೆದು ನಿಮ್ಮನ್ನು ಎಳೆಯುತ್ತಾರೆ ಎಂದೇ ಅರ್ಥ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಬಿರುಕುಗಳನ್ನು ನೇರ ಅಡ್ಡವಾಗಿ ದಾಟಿ. ಬಿರುಕಿನ ಉದ್ದಕ್ಕೆ ಸಾಲಾಗಿ ನಡೆದರೆ ಇಡೀ ತಂಡ ಒಂದೇ ಸೇತುವೆಯ ಮೇಲೆ ನಿಂತಿರಬಹುದು. ಅಂಥ ಕಡೆ ಹೋಗಲೇಬೇಕಾದರೆ ಒಬ್ಬರ ಹಿಂದೆ ಒಬ್ಬರು ಬೇಡ, ಓರೆಯಾಗಿ ಹರಡಿಕೊಳ್ಳಿ.

ಯಾರಾದರೂ ಬಿದ್ದರು ಅಂದುಕೊಳ್ಳಿ. ಕೂಡಲೇ ಹಿಮಕ್ಕೆ ಬಿದ್ದು ಐಸ್ ಆಕ್ಸ್ (ಹಿಮಗೊಡಲಿ) ನಾಟಿಸಿ, ಮೆತ್ತಗಿನ ಹಿಮದಲ್ಲಿ ಕಾಲೂರಿ ಹೊರೆ ತಡೆಯಿರಿ. ಹಗ್ಗ ಅಂಚಿನ ಹಿಮವನ್ನು ಕೊರೆದು ಒಳಗೆ ಹೂತುಕೊಳ್ಳುತ್ತದೆ, ಆ ಘರ್ಷಣೆಯೇ ನಿಮ್ಮ ಅರ್ಧ ಬಲ. ಮೂವರಿದ್ದರೆ ನಡುವಿನವರು ಹೊರೆ ಹಿಡಿದುಕೊಂಡಿರಲಿ. ಕೊನೆಯವರು ಹಗ್ಗಕ್ಕೆ ಪ್ರೂಸಿಕ್ (ಹೊರೆ ಬಿದ್ದಾಗ ಹಗ್ಗವನ್ನು ಬಿಗಿಹಿಡಿಯುವ ದಾರದ ಗಂಟು) ಹಾಕಿಕೊಂಡು, ಪ್ರೋಬ್ ಚುಚ್ಚುತ್ತ ಮುಂದೆ ಬಂದು ಆಂಕರ್ ಮಾಡಲಿ.

ಹಿಮದಲ್ಲಿ ನಾನು ನಂಬುವುದು ಹೂತ ಆಂಕರನ್ನು. ಎಳೆತಕ್ಕೆ ಅಡ್ಡವಾಗಿ, ಆಕ್ಸಿನಷ್ಟು ಉದ್ದದ ಕಿರಿದಾದ ಕಂದಕ ತೋಡಿ. ಆಳ ಕನಿಷ್ಠ ಮೊಣಕೈವರೆಗೆ, ಹಿಮ ಮೆತ್ತಗಿದ್ದರೆ ಇನ್ನೂ ಹೆಚ್ಚು. ಬಿರುಕಿನ ಕಡೆಯ ಗೋಡೆ ನೇರವಾಗಿರಲಿ, ತಳದಲ್ಲಿ ತುಸು ಬಿರುಕಿನತ್ತ ಸರಿದಿದ್ದರೆ ಇನ್ನೂ ಒಳ್ಳೆಯದು. ನಡುವಿನಿಂದ ಬಿರುಕಿನತ್ತ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ) ಹೋಗಲು ಒಂದು ಸೀಳು. ಆ ಸೀಳಿನ ತಳ ಕಂದಕದ ತಳದಷ್ಟೇ ಆಳದಿಂದ ಶುರುವಾಗಬೇಕು, ಇಲ್ಲದಿದ್ದರೆ ಎಳೆದಾಗ ಆಕ್ಸ್ ಮೇಲಕ್ಕೆ ಎದ್ದು ಬರುತ್ತದೆ. ಸ್ಲಿಂಗನ್ನು ಕ್ಲೋವ್ ಹಿಚ್ ಗಂಟಿನಿಂದ ಆಕ್ಸಿನ ನಡುಮಧ್ಯಕ್ಕಲ್ಲ, ತಲೆಯ ಕಡೆಗೆ ಸ್ವಲ್ಪ ಸರಿಸಿ ಕಟ್ಟಿ. ಪಿಕ್ (ಆಕ್ಸಿನ ತಲೆಯ ಚೂಪು ಕೊಕ್ಕು) ಕೆಳಮುಖವಾಗಿರಲಿ. ಮೇಲೆ ಹಿಮ ತುಂಬಿ ತುಳಿಯಿರಿ. ಆದರೆ ಆಂಕರಿನ ಮುಂದಿನ ಹಿಮಕ್ಕೆ ಯಾರೂ ಕಾಲಿಡಬಾರದು, ಹೊರೆ ಹೊರುವುದು ಅದೇ ಹಿಮ. ಬರಿ ಐಸ್ ಇದ್ದಲ್ಲಿ ಎರಡು ಐಸ್ ಸ್ಕ್ರೂ (ಐಸಿನೊಳಗೆ ತಿರುಗಿಸಿ ಕೂರಿಸುವ ತಿರುಪು) ಸಾಕು, ಕೆಲಸ ಬೇಗ ಮುಗಿಯುತ್ತದೆ.

ಹೊರೆಯನ್ನು ನಿಧಾನವಾಗಿ ಆಂಕರಿಗೆ ವರ್ಗಾಯಿಸಿ, ಅದು ಹಿಡಿದಿದೆ ಎಂದು ಖಚಿತವಾದ ಮೇಲೆ ಇನ್ನೊಂದು ಆಸರೆ ಸೇರಿಸಿ. ಆಮೇಲೆ ನೀವೇ ಹಗ್ಗಕ್ಕೆ ಕಟ್ಟಿಕೊಂಡು ಅಂಚಿಗೆ ಹೋಗಿ ಕೂಗಿ ಕೇಳಿ. ಏಟಾಗಿದೆಯೇ, ಜಾಕೆಟ್ ಹಾಕಿಕೊಳ್ಳಲು ಆಗುತ್ತದೆಯೇ, ಬ್ಯಾಗನ್ನು ಸೊಂಟದ ಪಟ್ಟಿಯಾದ ಹಾರ್ನೆಸ್‌ಗೆ ಕಟ್ಟಿ ಕೆಳಗೆ ಇಳಿಬಿಡಲು ಆಗುತ್ತದೆಯೇ. ಎಚ್ಚರ ಇರುವವರು ತಾವೇ ಪ್ರೂಸಿಕ್ ಹಾಕಿಕೊಂಡು ಹತ್ತಿ ಬರಬಹುದು. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಕಟಿಸಿದ ಆ ಗಂಟು ಇಂದಿಗೂ ಎಲ್ಲರ ಹಾರ್ನೆಸ್‌ನಲ್ಲಿ ತೂಗುತ್ತಿರುತ್ತದೆ. 9 ಮಿಲಿಮೀಟರ್ ಹಗ್ಗಕ್ಕೆ 6 ಮಿಲಿಮೀಟರ್ ದಾರ, ಮೂರು ಸುತ್ತು.

ಅವರಿಗೆ ಆಗದಿದ್ದರೆ ಮಾತ್ರ ರಾಟೆ. ಅಂಚಿನ ಹಿಮದಲ್ಲಿ ಹೂತುಹೋದ ಹಗ್ಗವನ್ನೇ ಎಳೆಯಬೇಡಿ. ಹೊಸ ಹಗ್ಗ ಇಳಿಯುವ ಕಡೆ ಅಂಚಿಗೆ ಬ್ಯಾಗ್ ಅಥವಾ ಆಕ್ಸಿನ ಹಿಡಿ ಮಲಗಿಸಿ (ಅದನ್ನೂ ಕಟ್ಟಿ, ಕೆಳಗಿನವರ ತಲೆಗೆ ಬೀಳಬಾರದು), ಅದರ ಮೇಲಿಂದ ಹಗ್ಗದ ಕುಣಿಕೆ ಇಳಿಬಿಡಿ. ಕುಣಿಕೆಯ ಕ್ಯಾರಬಿನರನ್ನು (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಅವರು ಹಾರ್ನೆಸ್‌ಗೆ ಸಿಕ್ಕಿಸಿಕೊಂಡರೆ ಎರಡಕ್ಕೆ ಒಂದು ಸಿಕ್ಕಿತು. ಮೂರಕ್ಕೆ ಒಂದು ಎನ್ನುವುದು ಕಾಗದದ ಲೆಕ್ಕ. ಬರಿ ಕ್ಯಾರಬಿನರ್ ಬಳಸಿದರೆ ಘರ್ಷಣೆಯಲ್ಲಿ ಎಷ್ಟೋ ಸೋರಿಹೋಗಿ ಎರಡರಷ್ಟು ದಕ್ಕುವುದೂ ಕಷ್ಟ. ಒಂದೇ ಒಂದು ಚಿಕ್ಕ ರಾಟೆ ಇದ್ದರೆ ಅದನ್ನು ಎಳೆಯುವ ಕೈಗೆ ಹತ್ತಿರದ ತಿರುವಿನಲ್ಲಿ ಹಾಕಿ.

ಇದನ್ನೆಲ್ಲ ಹಿಮವಿಲ್ಲದ ಕಡೆಯೇ ಶುರುಮಾಡಿ. ಮರಕ್ಕೆ ಆಂಕರ್, ಹೊರೆಗೆ ತುಂಬಿದ ಬ್ಯಾಗ್, ಕೈಗೆ ದಪ್ಪ ಗ್ಲೌಸ್. ಗಂಟುಗಳನ್ನು ಕಣ್ಣು ಮುಚ್ಚಿ ಹಾಕುವಂತಾಗಲಿ. ಆಮೇಲೆ ಹಿಮದ ಇಳಿಜಾರು, ಕೊನೆಗೆ ನಿಜವಾದ ಬಿರುಕು. ಅಲ್ಲಿ ಬಿದ್ದವರ ಪಾತ್ರ ಮಾಡುವವರಿಗೆ ಬೇರೆ ಆಂಕರಿನಿಂದ ಬೇರೊಂದು ಹಗ್ಗ ಇರಲೇಬೇಕು. ಆ ಹಂತಕ್ಕೆ ಪರ್ವತ ಗೈಡುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಫ್‌ಎಂಜಿಎ ಮಾನ್ಯತೆ ಇರುವ ಗೈಡ್ ಜೊತೆಗಿರಲಿ.

ದಿಕ್ಕು ಹಿಡಿಯುವ ವಿದ್ಯೆಯನ್ನು ಬೇರೆ ಪಾಠ ಅಂತ ನಾನು ನೋಡುವುದಿಲ್ಲ. ಮಂಜಿನಲ್ಲಿ ದಾರಿ ತಪ್ಪಿ ಉಬ್ಬಿನ ಮೇಲೆ ಹೋದರೆ ಮೇಲೆ ಹೇಳಿದ್ದೆಲ್ಲ ಬೇಕಾಗುತ್ತದೆ. ದಿಕ್ಸೂಚಿಯಲ್ಲಿ ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರಿನಲ್ಲಿ 17 ಮೀಟರ್ ಪಕ್ಕಕ್ಕೆ ಸರಿಯುತ್ತೀರಿ, ಐದು ತಪ್ಪಿದರೆ ಸುಮಾರು 87. ಆ ಪ್ರದೇಶದ ಕಾಂತೀಯ ವ್ಯತ್ಯಾಸವನ್ನು (ನಕಾಶೆಯ ಉತ್ತರಕ್ಕೂ ದಿಕ್ಸೂಚಿಯ ಉತ್ತರಕ್ಕೂ ಇರುವ ಅಂತರ) ಹೊರಡುವ ಮೊದಲೇ ನೋಡಿಕೊಳ್ಳಿ. ಫೋನ್ ಮತ್ತು ಐಸ್ ಆಕ್ಸ್ ದಿಕ್ಸೂಚಿಯಿಂದ ದೂರವಿರಲಿ.

ಸುತ್ತಲೂ ಬಿಳಿಯೊಂದೇ ಇದ್ದಾಗ ಮುಂದಿನವರಿಗೆ ಗುರಿಯಿಡಲು ಏನೂ ಸಿಗದು. ದಿಕ್ಸೂಚಿಯನ್ನು ಹಗ್ಗದ ಕೊನೆಯವರ ಕೈಗೆ ಕೊಡಿ. ಬಿಗಿಯಾದ ಹಗ್ಗವೇ ಅವರ ಕಣ್ಣಮುಂದಿನ ಗೆರೆ. ಅದು ಸರಿದರೆ ‘ಎಡಕ್ಕೆ’, ‘ಬಲಕ್ಕೆ’ ಅಂತ ಕೂಗಿ ಮುಂದಿನವರನ್ನು ತಿದ್ದುತ್ತಾರೆ. ಗಾಳಿಯ ಒತ್ತಡದಿಂದ ಎತ್ತರ ತೋರಿಸುವ ಆಲ್ಟಿಮೀಟರನ್ನು ಎತ್ತರ ಗೊತ್ತಿರುವ ಪ್ರತಿ ಜಾಗದಲ್ಲೂ ಸರಿಪಡಿಸಿಕೊಳ್ಳಿ. ಟೆಂಟಿನಲ್ಲಿ ಮಲಗಿದ್ದಾಗಲೇ ಅದು ಎತ್ತರ ಏರಿಸಿ ತೋರಿಸಿದರೆ ಗಾಳಿಯ ಒತ್ತಡ ಇಳಿದಿದೆ, ಹವೆ ಕೆಡಬಹುದು. ಜಿಪಿಎಸ್ ಇರಲಿ, ಬ್ಯಾಟರಿ ಚಳಿಗೆ ಬೇಗ ಸಾಯುತ್ತದೆ, ಒಳಜೇಬಿನಲ್ಲಿಡಿ. ಹಳೆಯ ನಕಾಶೆಯಲ್ಲಿ ಐಸ್ ಎಂದಿರುವಲ್ಲಿ ಈಗ ಕಲ್ಲುರಾಶಿ ಇರಬಹುದು, ಮೇಲ್ಮೈ ಹತ್ತಾರು ಮೀಟರ್ ಕುಸಿದಿರಬಹುದು. ಮುದ್ರಣದ ವರ್ಷ ನೋಡಿಯೇ ನಂಬಿ.

ನಡೆಯಲು ಬೇಕಾಗುವ ಸಮಯಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇದೆ: ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಗ್ಗ ಕಟ್ಟಿದ ತಂಡಕ್ಕೆ ಅದು ಕಡಿಮೆ, ಧಾರಾಳವಾಗಿ ಸೇರಿಸಿಕೊಳ್ಳಿ. ಎಲ್ಲಿದ್ದೇವೆ ಎಂದೇ ತಿಳಿಯದಂತಾದರೆ ನಿಂತುಬಿಡಿ. ಟೆಂಟ್ ಹಾಕುವ ಜಾಗವನ್ನು ಹಗ್ಗ ಬಿಚ್ಚದೆಯೇ ಪ್ರೋಬ್ ಚುಚ್ಚಿ ಪರೀಕ್ಷಿಸಿ, ಸುತ್ತಲೂ ಗುರುತಿಗೆ ಕೋಲು ನೆಡಿ. ಆ ಎಲ್ಲೆಯ ಆಚೆಗೆ ಮೂತ್ರಕ್ಕೆ ಹೋಗಬೇಕಾದರೂ ಹಗ್ಗ ಕಟ್ಟಿಕೊಂಡೇ ಹೋಗಿ.