ಟೊಮೆಟೊ ಬೀಜ ಹಿಡಿಯುವುದು ಹೇಗೆ?

ಸಂಕ್ರಾಂತಿಯ ಹೊತ್ತಿಗೆ ನಮ್ಮ ಬೀದಿಯ ತಾರಸಿ ತೋಟಗಳೆಲ್ಲ ಬೋಳಾಗತೊಡಗುತ್ತವೆ. ಎಳ್ಳು ಬೀರಲು ಬಂದವರು ಮೊಬೈಲಿನಲ್ಲಿ ತಮ್ಮ ಗಿಡಗಳ ಫೋಟೊ ತೋರಿಸುತ್ತಾರೆ. ಬೀಜ ಕೇಳಿದರೆ ಮಾತ್ರ, ಹಳೆಯ ಪೇಪರಿಗೆ ಅಂಟಿಕೊಂಡು ಬೂಸ್ಟು ಹಿಡಿದ ಪೊಟ್ಟಣ ಕೈಗೆ ಬರುತ್ತದೆ. ಮೂರು ವರ್ಷ ಅಂಥವನ್ನೇ ಬಿತ್ತಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ಮೊದಲು ತಳಿ ನೋಡಿಕೊಳ್ಳಿ. ಹೈಬ್ರಿಡ್ ಗಿಡದ ಬೀಜವೂ ಮೊಳೆಯುತ್ತದೆ, ಆದರೆ ತಾಯಿಯಂತೆ ಮಗಳು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹೈಬ್ರಿಡ್. ಅದೇ ಸಂಸ್ಥೆಯ ಅರ್ಕಾ ವಿಕಾಸ್ ಹೈಬ್ರಿಡ್ ಅಲ್ಲ, ಅದರ ಬೀಜ ಹಿಡಿಯಬಹುದು. ನನ್ನ ಮಟ್ಟಿಗೆ ಹುಳಿಯಿರುವ ನಾಟಿ ಟೊಮೆಟೊ ಬಿಟ್ಟರೆ ಬೇರೆಯದು ಬೇಡ.

ಇನ್ನು ಹಣ್ಣು. ಒಳ್ಳೆಯದನ್ನೆಲ್ಲ ಸಾರಿಗೆ ಹಾಕಿ, ಕೊನೆಗುಳಿದ ಪೀಚು ಹಣ್ಣಿನಿಂದ ಬೀಜ ತೆಗೆಯುವುದು ಎಲ್ಲರ ಚಾಳಿ. ಎಲೆ ಮುದುಡದ, ರೋಗವಿಲ್ಲದ ಗಿಡ ಆರಿಸಿ, ಚೆಂದದ ಹಣ್ಣಿಗೆ ಬಣ್ಣದ ದಾರ ಕಟ್ಟಿ. ಅಡುಗೆ ಮಾಡುವವರಿಗೂ ಹೇಳಿಡಿ. ಹಣ್ಣು ಗಿಡದಲ್ಲೇ ಕೆಂಪಾಗಿ ಮೆತ್ತಗಾಗಲಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಬೀಜದ ಸುತ್ತ ಇರುವ ಲೋಳೆ ಮೊಳಕೆಯನ್ನು ತಡೆಯುತ್ತದೆ; ಹಣ್ಣಿನೊಳಗೇ ಬೀಜ ಮೊಳೆಯದಿರಲಿ ಎಂದು ಗಿಡ ಮಾಡಿಕೊಂಡ ಏರ್ಪಾಡು ಅದು. ನಲ್ಲಿಯ ಕೆಳಗೆ ಎಷ್ಟು ತೊಳೆದರೂ ಹೋಗುವುದಿಲ್ಲ, ಹುಳಿಸಬೇಕು. ಹಣ್ಣನ್ನು ಅಡ್ಡ ಕೊಯ್ದು, ಬೀಜ ಮತ್ತು ರಸವನ್ನು ಗಾಜಿನ ಲೋಟಕ್ಕೆ ಹಿಂಡಿ. ನೀರು ಸೇರಿಸಬೇಡಿ, ರಸ ತೀರಾ ಕಡಿಮೆಯಿದ್ದರೆ ಒಂದು ಚಮಚ ಸಾಕು. ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಮುಚ್ಚಳ ಬಿಗಿಯಬೇಡಿ. ದಿನಕ್ಕೊಮ್ಮೆ ಕಲಕಿ. ಎರಡನೆಯ ದಿನ ಗುಳ್ಳೆ ಏಳುತ್ತದೆ, ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಮನೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ಕೆಟ್ಟಿತೆಂದು ಚೆಲ್ಲುವವರು ಇಲ್ಲೇ ಚೆಲ್ಲುತ್ತಾರೆ, ಕೆಟ್ಟಿಲ್ಲ. ಬೆರಳಲ್ಲಿ ಒಂದು ಬೀಜ ಉಜ್ಜಿ ನೋಡಿ: ಜಾರಿದರೆ ಇನ್ನೊಂದು ದಿನ ಬೇಕು, ತರಿತರಿಯಾದರೆ ಆಯಿತು. ಸೆಖೆಯಲ್ಲಿ ಎರಡು ದಿನ, ಬೆಂಗಳೂರಿನ ಜನವರಿ ಚಳಿಯಲ್ಲಿ ಮೂರು ನಾಲ್ಕು. ಅದಕ್ಕೂ ಹೆಚ್ಚು ಬಿಟ್ಟರೆ ಲೋಟದಲ್ಲೇ ಮೊಳಕೆಯೊಡೆಯುತ್ತದೆ.

ಬಳಿಕ ನೀರು ತುಂಬಿ ಕಲಕಿದರೆ ಗಟ್ಟಿ ಬೀಜ ತಳಕ್ಕಿಳಿದು, ಜೊಳ್ಳು ತೇಲುತ್ತದೆ. ತೇಲಿದ್ದನ್ನು ಬಗ್ಗಿಸಿ ಚೆಲ್ಲಿ, ನೀರು ತಿಳಿಯಾಗುವವರೆಗೆ ತೊಳೆದು ಚಹಾ ಸೋಸುವ ಜಾಲರಿಯಲ್ಲಿ ಸೋಸಿ.

ಒಣಗಿಸಲು ಸ್ಟೀಲ್ ತಟ್ಟೆಯೇ ಸರಿ, ಪೇಪರ್ ಬೇಡವೇ ಬೇಡ. ನೆರಳು, ಗಾಳಿ, ಒಂದು ವಾರ. ನಡುವೆ ಬೆರಳಾಡಿಸಿ ಬಿಡಿಬಿಡಿಯಾಗಿಸಿ. ಅವಸರಕ್ಕೆ ಸುಡುಬಿಸಿಲಿಗೆ ಇಡುವವರು, ಓವನ್ ಹಚ್ಚುವವರು ಬೀಜವನ್ನು ಬೇಯಿಸುತ್ತಿದ್ದಾರೆ ಅಷ್ಟೆ. ನನ್ನ ಅಜ್ಜಿ ಸೌತೆಬೀಜವನ್ನು ಬೂದಿಯಲ್ಲಿ ಹೊರಳಿಸಿ ಗೋಡೆಗೆ ಬಡಿಯುತ್ತಿದ್ದರು. ಈಗ ಬೂದಿಯೂ ಇಲ್ಲ, ಬಣ್ಣದ ಗೋಡೆಗೆ ಬಡಿಯಲು ಬಿಡುವವರೂ ಇಲ್ಲ. ಆನ್‌ಲೈನಿನಲ್ಲಿ ಮಾರುವ ಜಿಪ್ ಕವರುಗಳಿಗೆ ದುಡ್ಡು ಸುರಿಯಬೇಡಿ. ಅರೆಬರೆ ಒಣಗಿದ ಬೀಜ ಅದರೊಳಗೆ ಬೆವರಿ ಕೊಳೆಯುತ್ತದೆ. ಕಾಗದದ ಪೊಟ್ಟಣ ಕಟ್ಟಿ ಡಬ್ಬಿಯಲ್ಲಿಡಿ.

ಬದನೆಗೆ ಹುಳಿಸುವ ಕೆಲಸವಿಲ್ಲ, ಕಾಯಿ ಹಳದಿಯಾಗುವವರೆಗೆ ಬಿಟ್ಟರಾಯಿತು. ಬೆಂಡೆ ಗಿಡದಲ್ಲೇ ಒಣಗಲಿ. ಅವರೆಗಂತೂ ಹಿತಕಬೇಳೆ ಸಾರಿನ ಆಸೆ ತಡೆದು ಒಂದಷ್ಟು ಕಾಯಿ ಉಳಿಸುವುದೊಂದೇ ಕಷ್ಟ.

ಕೊಡುವ ಮೊದಲು ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹತ್ತು ದಿನದೊಳಗೆ ಏಳಾದರೂ ಮೊಳೆಯದಿದ್ದರೆ ಯಾರಿಗೂ ಕೊಡಬೇಡಿ. ಪೊಟ್ಟಣದ ಮೇಲೆ ತಳಿ, ಬೀಜ ತೆಗೆದ ತಿಂಗಳಿನ ಜೊತೆಗೆ ಗಿಡದ ಗುಣದೋಷವನ್ನೂ ಬರೆಯಿರಿ. ಈ ಸಲ ನಾನು ಬರೆದದ್ದು: ‘ಆಗಸ್ಟ್ 20ಕ್ಕೆ ಬಿತ್ತಿದ್ದು. ನವೆಂಬರ್ ಮೊದಲ ವಾರ ಮೊದಲ ಹಣ್ಣು. ಕೋಲು ಕೊಡಲೇಬೇಕು. ಬಿಳಿನೊಣ ಬಂತು, ಬೇವಿನೆಣ್ಣೆಗೆ ಬಗ್ಗಲಿಲ್ಲ. ಸಾರಿಗೆ ಚೆನ್ನ, ಕೋಸಂಬರಿಗೆ ಬೇಡ.’