ಪರಿಚಯ, ಪರಿಹಾಸ, ಪಗಾರ: ವೃತ್ತಿ ಸಂಪರ್ಕಕ್ಕೊಂದು ಕೈಪಿಡಿ

ವೃತ್ತಿ ಸಂಪರ್ಕ ಬೆಳೆಸಿಕೊಳ್ಳುವವರಿಗಾಗಿ ಬರೆಯಲಾಗುವ ಬಹುಪಾಲು ಸಲಹೆಗಳು ಕೈಕುಲುಕುವ ಬಗೆಯಿಂದ ಆರಂಭವಾಗಿ ಪ್ರೊಫೈಲ್ ಫೋಟೊದ ಹಿನ್ನೆಲೆಯ ಬಣ್ಣದಲ್ಲಿ ಮುಗಿಯುತ್ತವೆ. ಇಷ್ಟೆಲ್ಲ ಶ್ರಮಪಟ್ಟು ಸಂಪಾದಿಸಿದ ಪರಿಚಯದಿಂದ ಪಡೆಯಬೇಕಾದದ್ದು ಏನು ಎಂಬುದನ್ನು ಮಾತ್ರ ಅವು ಹೇಳುವುದಿಲ್ಲ. ನನ್ನ ಮಟ್ಟಿಗೆ ಅದು ಮಾಹಿತಿ. ಅದರಲ್ಲೂ ಒಂದೇ ಕೆಲಸಕ್ಕೆ ಯಾರಿಗೆ ಎಷ್ಟು ಕೊಡುತ್ತಾರೆ ಎಂಬ ಮಾಹಿತಿ. ಕೆಲಸ ಕೊಡುವವರ ಮುಂದೆ ಎಲ್ಲರ ಸಂಬಳದ ಪಟ್ಟಿ ಇರುತ್ತದೆ, ಕೇಳಲು ಹೋದವರ ಬಳಿ ತಮ್ಮದೊಂದೇ ಅಂಕಿ ಇರುತ್ತದೆ. ಈ ಅಂತರವನ್ನು ತುಸುವಾದರೂ ಕಡಿಮೆ ಮಾಡುವ ಸಾಧನವೆಂದು ಪರಿಚಯಗಳನ್ನು ನೋಡತೊಡಗಿದರೆ, ಯಾರನ್ನು ಮಾತನಾಡಿಸಬೇಕು, ಎಲ್ಲಿ ನಗಿಸಬೇಕು, ರಾಜಕೀಯದ ಮಾತನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ತಾವಾಗಿಯೇ ಬಗೆಹರಿಯುತ್ತವೆ.

ಮೊದಲು ಯಾರನ್ನು ಹುಡುಕಬೇಕು ಎಂಬುದನ್ನು ನೋಡೋಣ. ದಿನವೂ ಜೊತೆಯಲ್ಲಿ ಕುಳಿತು ಕೆಲಸ ಮಾಡುವ ಆಪ್ತರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೆ ಗೊತ್ತಿರುವುದೇ ಆಗಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪರಿಚಯದ ಮೂಲಕ ಹೊಸ ಕೆಲಸ ಪಡೆದವರನ್ನು ಮಾತನಾಡಿಸಿ, ಆ ಸುದ್ದಿ ಕೊಟ್ಟವರನ್ನು ಅವರು ಎಷ್ಟು ಬಾರಿ ಭೇಟಿಯಾಗುತ್ತಿದ್ದರು ಎಂದು ಲೆಕ್ಕ ಹಾಕಿದ್ದರು. ಪದೇಪದೇ ಭೇಟಿಯಾಗುತ್ತಿದ್ದವರಿಂದ ಸುದ್ದಿ ಬಂದದ್ದು ಶೇ 16.7ರಷ್ಟು ಮಂದಿಗೆ ಮಾತ್ರ. ಆಗೊಮ್ಮೆ ಈಗೊಮ್ಮೆ ಸಿಗುವವರಿಂದ ಶೇ 55.6ರಷ್ಟು ಮಂದಿಗೆ, ಅಪರೂಪಕ್ಕೆ ಸಿಗುವವರಿಂದ ಶೇ 27.8ರಷ್ಟು ಮಂದಿಗೆ ಬಂದಿತ್ತು. ಸಮೀಕ್ಷೆ ಚಿಕ್ಕದಾಗಿತ್ತು. ಆದರೆ ವೃತ್ತಿ ಸಂಪರ್ಕದ ಜಾಲತಾಣವಾದ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಐದು ವರ್ಷಗಳ ದತ್ತಾಂಶವನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೂ ಅದೇ ದಿಕ್ಕನ್ನು ತೋರಿಸಿ, ಒಂದು ತಿದ್ದುಪಡಿಯನ್ನು ಸೇರಿಸಿತು: ಹೆಚ್ಚು ಉಪಯೋಗಕ್ಕೆ ಬರುವವರು ತೀರಾ ಅಪರಿಚಿತರೂ ಅಲ್ಲ, ತೀರಾ ಆಪ್ತರೂ ಅಲ್ಲ, ನಡುವಿನವರು. ಆದ್ದರಿಂದ ಎರಡು ಕೆಲಸಗಳ ಹಿಂದೆ ಪಕ್ಕದ ವಿಭಾಗದಲ್ಲಿದ್ದವರು, ತರಬೇತಿಯೊಂದರಲ್ಲಿ ಜೊತೆಗಿದ್ದವರು, ನಿಮ್ಮ ಜಾಗಕ್ಕೆ ಮೊದಲಿದ್ದು ಬಿಟ್ಟುಹೋದವರು, ಇಂಥವರ ಪಟ್ಟಿಯನ್ನು ಮಾಡಿಕೊಳ್ಳಿ. ಐದು ಸಾವಿರ ಕನೆಕ್ಷನ್‌ಗಳಿವೆ ಎಂದು ಹೆಮ್ಮೆಪಡುವವರು ಅವರಲ್ಲಿ ಎಷ್ಟು ಮಂದಿ ತಮ್ಮ ಸಂದೇಶಕ್ಕೆ ಉತ್ತರಿಸುತ್ತಾರೆಂದು ಒಮ್ಮೆ ಪರೀಕ್ಷಿಸಿದರೆ, ಆ ಹೆಮ್ಮೆ ಸಂಜೆಯವರೆಗೂ ಬಾಳುವುದು ಕಷ್ಟ.

ಸಂದೇಶ ಬರೆಯುವಾಗ ‘ನಿಮ್ಮ ಅಮೂಲ್ಯ ಮಾರ್ಗದರ್ಶನ ಬೇಕಾಗಿದೆ’ ಎಂಬ ಮಾದರಿಯನ್ನು ಕೈಬಿಡಿ. ಅದನ್ನು ಓದಿದವರಿಗೆ ತಾವು ಏನು ಮಾಡಬೇಕೆಂಬುದು ತಿಳಿಯುವುದಿಲ್ಲ, ಆದ್ದರಿಂದ ಏನೂ ಮಾಡುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ನಮಸ್ಕಾರ ಮೇಡಂ. ಹಳೆಯ ಡೇಟಾಬೇಸ್‌ನಿಂದ ಹೊಸದಕ್ಕೆ ಹೋಗುವಾಗ ಎರಡನ್ನೂ ಸ್ವಲ್ಪ ಕಾಲ ಒಟ್ಟಿಗೆ ನಡೆಸಿದ್ದಾಗಿ ನೀವು ಸಭೆಯಲ್ಲಿ ಹೇಳಿದ್ದಿರಿ. ನಮ್ಮಲ್ಲೂ ಅದೇ ಕೆಲಸ ಆರಂಭವಾಗಿದೆ. ಎರಡರ ಲೆಕ್ಕ ತಾಳೆಯಾಗದಿದ್ದಾಗ ಯಾವುದನ್ನು ಸರಿಯೆಂದು ಹಿಡಿದಿರಿ?’ ಇದರಲ್ಲಿ ಹೊಗಳಿಕೆ ಇಲ್ಲ, ಆದರೆ ಅವರ ಮಾತನ್ನು ಗಮನವಿಟ್ಟು ಕೇಳಿದ್ದಕ್ಕೆ ಸಾಕ್ಷಿಯಿದೆ, ಮತ್ತು ಪ್ರಶ್ನೆಗೆ ನಾಲ್ಕು ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದು. ಸಂಬಳದ ವಿಷಯವನ್ನು ಈ ಮೊದಲ ಸಂದೇಶದಲ್ಲಿ ಎತ್ತಬಾರದು.

ಇನ್ನು ಹಾಸ್ಯ. ಮುಜುಗರದ ವಿಷಯವನ್ನು ಮಾತಿಗೆ ಎಳೆದು ತರಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಮತ್ತು ವೃತ್ತಿಲೋಕವು ಅದಕ್ಕೆ ಬೇಕಾದ ಸಾಮಗ್ರಿಯನ್ನು ಉಚಿತವಾಗಿ ಪೂರೈಸುತ್ತಿರುತ್ತದೆ. ಜಾಹೀರಾತು ‘ಸ್ಪರ್ಧಾತ್ಮಕ ವೇತನ’ ಎನ್ನುತ್ತದೆ. ಆ ಸ್ಪರ್ಧೆಯಲ್ಲಿ ತಮಗೆ ಎಷ್ಟನೆಯ ಸ್ಥಾನ ಬಂತು ಎಂಬುದನ್ನು ಹೇಳುವುದಿಲ್ಲ. ‘ನಾವೆಲ್ಲ ಒಂದೇ ಕುಟುಂಬ’ ಎನ್ನುವ ಸಂಸ್ಥೆ, ಮೂರು ತಿಂಗಳ ಲಾಭ ಇಳಿದ ಕೂಡಲೇ ಕುಟುಂಬದ ಹತ್ತರಲ್ಲೊಬ್ಬರಿಗೆ ಶುಭ ಹಾರೈಸಿ ಬೀಳ್ಕೊಡುತ್ತದೆ. ಬಡ್ತಿ ಪಡೆದವರು ತಾವು ಎಷ್ಟು ವಿನಮ್ರರಾಗಿದ್ದೇವೆ ಎಂಬುದನ್ನು ಹದಿನೈದು ಹ್ಯಾಶ್‌ಟ್ಯಾಗ್‌ಗಳೊಂದಿಗೆ ಜಗತ್ತಿಗೆ ಸಾರುತ್ತಾರೆ. ಇಂತಹ ಸಂಗತಿಗಳನ್ನು ನೋಡಿ ನಗುವಾಗ ನಗೆ ವ್ಯವಸ್ಥೆಯ ಮೇಲೆ ಬೀಳುತ್ತದೆ, ಎದುರಿಗಿರುವವರೂ ನಮ್ಮ ಪಕ್ಕಕ್ಕೆ ಬಂದು ನಿಂತು ನಗುತ್ತಾರೆ.

ನಗೆಗೆ ಕೆಲವು ಮಿತಿಗಳಿವೆ. ನಮಗಿಂತ ಕಡಿಮೆ ಸಂಬಳದವರು, ಈಗಷ್ಟೇ ಕೆಲಸ ಕಳೆದುಕೊಂಡವರು, ಉಚ್ಚಾರಣೆ ಬೇರೆಯಿರುವವರು ಹಾಸ್ಯದ ವಸ್ತುವಾಗಬಾರದು. ಅದು ಸಭ್ಯತೆಯ ಪ್ರಶ್ನೆ ಮಾತ್ರವಲ್ಲ, ಅದನ್ನು ಕೇಳಿದ ಮೂರನೆಯವರು ಇನ್ನೆಂದೂ ನಿಮಗೆ ತಮ್ಮ ಕಷ್ಟವನ್ನು ಹೇಳಿಕೊಳ್ಳುವುದಿಲ್ಲ. ವ್ಯಂಗ್ಯವನ್ನು ಬರಹದಲ್ಲಿ ಆದಷ್ಟು ಬಳಸದಿರುವುದು ಕ್ಷೇಮ, ಏಕೆಂದರೆ ದನಿಯ ಏರಿಳಿತವಿಲ್ಲದೆ ಅದು ಹೇಳಿಕೆಯಂತೆಯೇ ಕಾಣುತ್ತದೆ, ಮತ್ತು ಸ್ಕ್ರೀನ್‌ಶಾಟ್‌ಗೆ ಹಾಸ್ಯಪ್ರಜ್ಞೆ ಇರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂಬಳ ಕೇಳುವುದು ಅಸಭ್ಯತನ ಎಂಬ ನಂಬಿಕೆಯಿಂದ ಲಾಭ ಯಾರಿಗೆ ಎಂದು ತಿಳಿಯಲು ಲಿಲಿ ಲೆಡ್‌ಬೆಟರ್ ಅವರ ಪ್ರಕರಣವನ್ನು ನೋಡಬೇಕು. ಅಮೆರಿಕದ ಅಲಬಾಮಾ ರಾಜ್ಯದ ಟೈರ್ ಕಾರ್ಖಾನೆಯೊಂದರಲ್ಲಿ 1979ರಿಂದ ಮೇಲ್ವಿಚಾರಕಿಯಾಗಿದ್ದ ಆಕೆಗೆ, ತನಗೆ ಸಿಗುತ್ತಿರುವುದು ಕಡಿಮೆ ಎಂಬುದು ಖಚಿತವಾಗಿ ತಿಳಿದದ್ದು ಯಾರೋ ಹೆಸರಿಲ್ಲದೆ ಇಟ್ಟುಹೋದ ಚೀಟಿಯೊಂದರಿಂದ. 1997ರ ಕೊನೆಯಲ್ಲಿ ಆಕೆಯ ತಿಂಗಳ ಸಂಬಳ 3,727 ಡಾಲರ್. ಅದೇ ಹುದ್ದೆಯ ಪುರುಷರಲ್ಲಿ ಎಲ್ಲರಿಗಿಂತ ಕಡಿಮೆ ಪಡೆಯುತ್ತಿದ್ದವರಿಗೆ 4,286, ಎಲ್ಲರಿಗಿಂತ ಹೆಚ್ಚು ಪಡೆಯುತ್ತಿದ್ದವರಿಗೆ 5,236 ಡಾಲರ್. ಆಕೆ ದಾವೆ ಹೂಡಿದಾಗ, ದೂರು ಕೊಡುವ ಅವಧಿ ಮೀರಿದೆ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಹೇಳಿತು. ತನಗೆ ತಿಳಿಯದೇ ಇದ್ದ ಅನ್ಯಾಯದ ವಿರುದ್ಧ ಸಕಾಲದಲ್ಲಿ ದೂರು ಕೊಡಬೇಕಿತ್ತು ಎಂಬುದು ಅದರ ತಾತ್ಪರ್ಯ. 2009ರಲ್ಲಿ ಆಕೆಯ ಹೆಸರಿನಲ್ಲೇ ಕಾನೂನು ತಿದ್ದುಪಡಿಯಾಯಿತು, ಆದರೆ ಆ ಬಾಕಿ ಹಣ ಆಕೆಗೆ ಸಿಗಲಿಲ್ಲ. ಇಷ್ಟೆಲ್ಲಕ್ಕೂ ಮೂಲವಾದದ್ದು ಒಂದು ಚೀಟಿ. ಸಹೋದ್ಯೋಗಿಗಳು ಮೊದಲ ವರ್ಷದಲ್ಲೇ ಅಂಕಿಗಳನ್ನು ಬಾಯಿಬಿಟ್ಟು ಹೇಳಿಕೊಂಡಿದ್ದರೆ ಚೀಟಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಕೇಳುವ ವಿಧಾನಕ್ಕೆ ಸ್ವಲ್ಪ ಜಾಣತನ ಬೇಕು. ‘ನಿಮಗೆ ಎಷ್ಟು ಸಂಬಳ?’ ಎಂಬ ನೇರ ಪ್ರಶ್ನೆಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಹ ಉತ್ತರವೇ ಬರುತ್ತದೆ. ಬದಲಿಗೆ ನಿಮ್ಮ ಅಂಕಿಯನ್ನು ಮೊದಲು ಮುಂದಿಡಿ: ‘ಈ ಹುದ್ದೆಗೆ ನಾನು ಇಷ್ಟು ಕೇಳಬೇಕೆಂದಿದ್ದೇನೆ ಸರ್. ಇದನ್ನು ಕೇಳಿ ಅವರು ನಗುತ್ತಾರೋ, ಇಷ್ಟು ಅಗ್ಗಕ್ಕೆ ಸಿಕ್ಕಿದನಲ್ಲ ಎಂದು ಒಳಗೊಳಗೇ ಖುಷಿಪಡುತ್ತಾರೋ?’ ಇಲ್ಲಿ ಎದುರಿನವರು ತಮ್ಮ ಸಂಬಳವನ್ನು ಹೇಳಬೇಕಾಗಿಲ್ಲ, ನಿಮ್ಮದನ್ನು ತಿದ್ದಿದರೆ ಸಾಕು. ಬೇರೆಯವರ ಅಂಕಿಯನ್ನು ತಿದ್ದುವ ಅವಕಾಶವನ್ನು ಬಿಟ್ಟುಕೊಡುವವರು ವಿರಳ. ‘ಸ್ವಲ್ಪ ಜಾಸ್ತಿಯೇ ಕೇಳಿ’ ಎಂಬ ಉತ್ತರ ಬಂದರೆ, ಆ ಸ್ವಲ್ಪ ಎಂದರೆ ಹತ್ತನೆಯ ಒಂದು ಭಾಗವೋ ಮೂರನೆಯ ಒಂದು ಭಾಗವೋ ಎಂದು ಕೂಡಲೇ ಕೇಳಿ. ಆ ಸಂಸ್ಥೆಯಲ್ಲಿ ಈಗ ಇರುವವರಿಗಿಂತ ಅದನ್ನು ಬಿಟ್ಟವರು ಹೆಚ್ಚು ನಿರಾತಂಕವಾಗಿ ಮಾತನಾಡುತ್ತಾರೆ. ಪುರುಷರನ್ನೂ ಮಹಿಳೆಯರನ್ನೂ ಕೇಳಿ. ಒಂದೇ ಬಗೆಯವರನ್ನು ಕೇಳಿದರೆ ಒಂದೇ ಬಗೆಯ ಅಂಕಿ ಸಿಗುತ್ತದೆ.

ಅಂಕಿ ಸಿಕ್ಕ ಮೇಲೆ ಅದನ್ನು ಬಿಡಿಸಿ ನೋಡಬೇಕು. ನಿಗದಿತ ಸಂಬಳವೆಷ್ಟು, ಬೋನಸ್ ಎಂದು ಕಾಗದದಲ್ಲಿರುವುದೆಷ್ಟು, ಹೋದ ವರ್ಷ ನಿಜವಾಗಿ ಕೈಗೆ ಬಂದ ಬೋನಸ್ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ. ಮೂರನೆಯದಕ್ಕೆ ಬರುವ ಮೌನವೂ ಒಂದು ಮಾಹಿತಿಯೇ. ವಾರಕ್ಕೆ ಎಷ್ಟು ಗಂಟೆ ದುಡಿಯುತ್ತಾರೆ ಎಂಬುದನ್ನೂ ಕೇಳಿ ಭಾಗಿಸಿ ನೋಡಿದರೆ, ದೊಡ್ಡ ಸಂಬಳ ಎನಿಸಿದ್ದು ಕೆಲವೊಮ್ಮೆ ಎರಡು ಸಾಧಾರಣ ಸಂಬಳಗಳ ಕೆಲಸಕ್ಕೆ ಕೊಟ್ಟ ಒಂದೂವರೆ ಸಂಬಳವಾಗಿರುತ್ತದೆ.

ಸಂಬಳವನ್ನು ಗುಟ್ಟಾಗಿಡಬೇಕೆಂದು ಒಪ್ಪಂದದಲ್ಲಿ ಬರೆದಿದೆ ಎಂದು ಹಲವರು ಹಿಂಜರಿಯುತ್ತಾರೆ. ಆ ಷರತ್ತಿಗೆ ಬೆಲೆಯಿದೆಯೇ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ತಿಳಿದುಕೊಂಡು ಮುಂದುವರಿಯಬೇಕು. ಅಮೆರಿಕದಲ್ಲಿ 1935ರ ಕಾರ್ಮಿಕ ಸಂಬಂಧಗಳ ಕಾನೂನು ಖಾಸಗಿ ವಲಯದ ಬಹುಪಾಲು ನೌಕರರಿಗೆ ತಮ್ಮತಮ್ಮಲ್ಲಿ ವೇತನದ ಬಗ್ಗೆ ಮಾತನಾಡುವ ಹಕ್ಕನ್ನು ಕೊಟ್ಟಿದೆ, ಮೇಲ್ವಿಚಾರಕರಿಗೆ ಆ ರಕ್ಷಣೆ ಇಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಹೊರಡಿಸಿದ ವೇತನ ಪಾರದರ್ಶಕತೆಯ ನಿರ್ದೇಶನವು ಅಭ್ಯರ್ಥಿಗೆ ಆರಂಭದ ವೇತನವನ್ನೋ ಅದರ ವ್ಯಾಪ್ತಿಯನ್ನೋ ಮುಂಚಿತವಾಗಿ ತಿಳಿಸಬೇಕೆಂದೂ, ಹಿಂದಿನ ಸಂಬಳ ಎಷ್ಟಿತ್ತೆಂದು ಕೇಳಬಾರದೆಂದೂ ಹೇಳುತ್ತದೆ. ನಾರ್ವೆಯಲ್ಲಿ ತೆರಿಗೆ ಪಟ್ಟಿಯೇ ಸಾರ್ವಜನಿಕ. ಆದರೆ ತಮ್ಮ ವಿವರವನ್ನು ಯಾರು ಹುಡುಕಿದರೆಂಬುದು ಆ ವ್ಯಕ್ತಿಗೂ ಕಾಣುವಂತೆ 2014ರಲ್ಲಿ ನಿಯಮ ಬದಲಾಯಿಸಿದ ಕೂಡಲೇ ಹುಡುಕಾಟಗಳು ಥಟ್ಟನೆ ಇಳಿದವು. ಕುತೂಹಲಕ್ಕೆ ಹೆಸರು ಅಂಟಿಕೊಂಡರೆ ಅದು ಎಷ್ಟು ಬೇಗ ತಣ್ಣಗಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕಿಲ್ಲ.

ಸಂಬಳದ ಮಾತು ಬಂದಲ್ಲಿ ರಾಜಕೀಯವೂ ಬಂದೇ ಬರುತ್ತದೆ. ವೃತ್ತಿವಲಯದಲ್ಲಿ ರಾಜಕೀಯ ಬೇಡವೇ ಬೇಡ ಎಂಬ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪಕ್ಷ, ನಾಯಕ, ಚುನಾವಣೆಗಳ ಕುರಿತು ವಾದಿಸಿ ಯಾರ ಮನಸ್ಸನ್ನೂ ಬದಲಾಯಿಸಲಾಗುವುದಿಲ್ಲ, ರೆಫರಲ್, ಅಂದರೆ ಕೆಲಸಕ್ಕೆ ಶಿಫಾರಸು, ಕೊಡಬೇಕಾದವರನ್ನು ಕಳೆದುಕೊಳ್ಳಬಹುದಷ್ಟೇ. ಆದರೆ ಕನಿಷ್ಠ ವೇತನ, ಹೆಚ್ಚುವರಿ ದುಡಿಮೆಯ ಭತ್ಯೆ, ಹೆರಿಗೆ ರಜೆ, ಕೆಲಸ ಬಿಡುವ ಮುನ್ನ ಕಾಯಬೇಕಾದ ನೋಟಿಸ್ ಅವಧಿ ಇವೆಲ್ಲವೂ ರಾಜಕೀಯವೇ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1919ರ ತನ್ನ ಮೊತ್ತಮೊದಲ ಒಡಂಬಡಿಕೆಯಲ್ಲಿ ಬರೆದದ್ದು ಯಾರೋ ಮಾಲೀಕರಿಗೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿದ್ದರಿಂದಲ್ಲ. ಇವುಗಳ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದನ್ನು ತಾಟಸ್ಥ್ಯ ಎನ್ನಲಾಗದು. ಈಗಿರುವ ಲೆಕ್ಕ ಯಾರಿಗೆ ಅನುಕೂಲವಾಗಿದೆಯೋ ಅವರಿಗೆ ಹಾಕಿದ ಮತ ಅದು.

ಹಾಗೆಂದು ಪರಿಚಯವಾದ ಐದು ನಿಮಿಷಕ್ಕೇ ಪ್ರಣಾಳಿಕೆ ಓದಬೇಕಾಗಿಲ್ಲ. ಅಭಿಪ್ರಾಯವನ್ನು ಕೆಲಸದ ಅನುಭವಕ್ಕೆ ಕಟ್ಟಿಹಾಕಿ ಹೇಳುವುದು ನನಗೆ ಹಿಡಿಸಿದ ಕ್ರಮ. ‘ಈ ಸರ್ಕಾರ ಕಾರ್ಮಿಕ ವಿರೋಧಿ’ ಎಂದರೆ ಎದುರಿನವರು ತಮ್ಮ ಪಕ್ಷದ ಕೋಟೆಯ ಬಾಗಿಲನ್ನು ಹಾಕಿಕೊಳ್ಳುತ್ತಾರೆ. ‘ಮೂರು ತಿಂಗಳ ನೋಟಿಸ್ ಅವಧಿಯಿಂದಾಗಿ ನಮ್ಮ ತಂಡದ ಇಬ್ಬರಿಗೆ ಬಂದಿದ್ದ ಕೆಲಸ ಕೈತಪ್ಪಿತು, ನಿಮ್ಮಲ್ಲಿ ಹೇಗೆ?’ ಎಂದರೆ ಯಾವ ಪಕ್ಷದವರಾದರೂ ತಮ್ಮ ಅಳಲನ್ನು ತೋಡಿಕೊಳ್ಳುತ್ತಾರೆ. ಎದುರಿನವರು ನಾಯಕರ ಹೆಸರನ್ನು ಎತ್ತಿದರೆ, ಒಮ್ಮೆ ನಕ್ಕು, ‘ಅವರ ಸಂಬಳವಾದರೂ ಎಲ್ಲರಿಗೂ ಗೊತ್ತಿದೆ, ನಮ್ಮದನ್ನು ನೋಡೋಣ’ ಎಂದು ಮಾತನ್ನು ಮರಳಿ ತರಬಹುದು. ಸಂದರ್ಶನ ಮಾಡುವವರೊಂದಿಗೆ ಮಾತ್ರ ಇದಾವುದೂ ಬೇಡ. ಅಲ್ಲಿ ಅಧಿಕಾರ ಒಂದೇ ಕಡೆ ಇರುತ್ತದೆ.

ಯಾರಾದರೂ ನಂಬಿ ಅಂಕಿ ಹೇಳಿದ ಮೇಲೆ ನಿಮ್ಮ ಹೊಣೆ ಆರಂಭವಾಗುತ್ತದೆ. ‘ನಿಮ್ಮಲ್ಲೇ ಇಂಥವರಿಗೆ ಇಷ್ಟು ಕೊಡುತ್ತಿದ್ದೀರಲ್ಲ’ ಎಂದು ಎಚ್‌ಆರ್ (ಸಿಬ್ಬಂದಿ ವಿಭಾಗ) ಮುಂದೆ ಹೆಸರು ಹೇಳಿದರೆ ಆ ಬಾಗಿಲು ಮುಚ್ಚಿತೆಂದೇ ತಿಳಿಯಿರಿ, ಅದರ ಜೊತೆಗೆ ಇನ್ನೂ ನಾಲ್ಕು ಬಾಗಿಲುಗಳು ಮುಚ್ಚುತ್ತವೆ. ‘ಈ ಅನುಭವಕ್ಕೆ ಈಗ ನಡೆಯುತ್ತಿರುವ ವ್ಯಾಪ್ತಿ ಇದು’ ಎಂದಷ್ಟೇ ಹೇಳಿ. ಮಾತುಕತೆ ಮುಗಿದ ಮೇಲೆ, ಕೆಲಸ ಸಿಗಲಿ ಬಿಡಲಿ, ಮಾಹಿತಿ ಕೊಟ್ಟವರಿಗೆ ಕೊನೆಗೆ ಎಷ್ಟಕ್ಕೆ ನಿಂತಿತು ಎಂದು ತಿಳಿಸಿ. ಮುಂದಿನ ಸಲ ಅವರು ಕೇಳುವ ಸರದಿಯಿರುತ್ತದೆ. ನಿಮ್ಮನ್ನು ಯಾರಾದರೂ ಕೇಳಿದಾಗ ಮೊತ್ತದ ಜೊತೆಗೆ ಅದು ಯಾವ ವರ್ಷದ್ದು, ಆಗ ನಿಮಗೆ ಎಷ್ಟು ವರ್ಷದ ಅನುಭವವಿತ್ತು ಎಂಬುದನ್ನೂ ಸೇರಿಸಿ, ಏಕೆಂದರೆ ಐದು ವರ್ಷ ಹಳೆಯ ಅಂಕಿಯನ್ನು ನಂಬಿ ಸಂದರ್ಶನಕ್ಕೆ ಹೋದವರು ತಮ್ಮನ್ನು ತಾವೇ ಅಗ್ಗಕ್ಕೆ ಮಾರಿಕೊಂಡು ಬರುತ್ತಾರೆ.