ರೆಸ್ಯೂಮೆಯ ಮೊದಲ ಮೂರು ಸಾಲು

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅರ್ಜಿ ಹಾಕುವ ನಮ್ಮ ಬಳ್ಳಾರಿ, ಕೊಪ್ಪಳದ ಹುಡುಗರ ರೆಸ್ಯೂಮೆ ನೋಡಿಕೊಡುತ್ತಿರುತ್ತೇನೆ. ಬಹಳಷ್ಟರಲ್ಲಿ ಮೇಲ್ಗಡೆ ಒಂದೇ ಮಾತು: "ಒಳ್ಳೆಯ ಕಂಪನಿಯಲ್ಲಿ ದುಡಿದು ಬೆಳೆಯುವ ಆಸೆ." ದಯವಿಟ್ಟು ತೆಗೆದುಬಿಡಿ. ಅಲ್ಲಿ ನಿಮಗೆ ಏನು ಬೇಕು ಅನ್ನೋದಲ್ಲ, ಏನು ಬರುತ್ತೆ ಅನ್ನೋದು ಇರಬೇಕು.

ಮೊನ್ನೆ ಒಬ್ಬ ತಮ್ಮ ಬಂದಿದ್ದ. ಐಟಿಐ ಫಿಟ್ಟರ್, ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಕೆಲಸ. "ಶ್ರಮಜೀವಿ, ಪ್ರಾಮಾಣಿಕ" ಅಂತಷ್ಟೇ ಬರೆದಿದ್ದ. ದಿನಾ ಏನು ಮಾಡ್ತೀಯಪ್ಪ ಅಂತ ಕೇಳಿದೆ. ಬೇರಿಂಗ್ ಬದಲಿಸ್ತೀನಿ, ಕನ್ವೇಯರ್ ಬೆಲ್ಟ್ ಬಿಗಿ ಮಾಡ್ತೀನಿ, ಗೇರ್‌ಬಾಕ್ಸ್ ರಿಪೇರಿ ಮಾಡ್ತೀನಿ, ರಾತ್ರಿ ಮಷೀನ್ ನಿಂತರೆ ನಾನೇ ಸರಿ ಮಾಡ್ತೀನಿ ಅಂದ. ಇಷ್ಟೆಲ್ಲಾ ಇದೆ, ಅಲ್ವಾ! ಹೀಗೆ ಬರೆದೆವು:

"ಐಟಿಐ ಫಿಟ್ಟರ್. ರೈಸ್ ಮಿಲ್ ಮೆಂಟೆನೆನ್ಸ್‌ನಲ್ಲಿ 3 ವರ್ಷ. ಬೇರಿಂಗ್, ಕನ್ವೇಯರ್ ಬೆಲ್ಟ್, ಗೇರ್‌ಬಾಕ್ಸ್ ರಿಪೇರಿ ಬರುತ್ತದೆ. ರಾತ್ರಿ ಪಾಳಿ ರೂಢಿಯಿದೆ."

ಕನ್ವೇಯರ್, ಅಂದ್ರೆ ಸರಕು ಸಾಗಿಸುವ ಬೆಲ್ಟ್, ಉಕ್ಕಿನ ಕಾರ್ಖಾನೆಯಲ್ಲೂ ಇದೆ, ಅದಕ್ಕೇ ಆ ಪದ ಮುಖ್ಯ. ಜಾಹೀರಾತಿನಲ್ಲಿ ಬಳಸಿದ ಪದ ನಿಮ್ಮ ಕೆಲಸಕ್ಕೆ ನಿಜವಾಗಿ ಒಪ್ಪಿದರೆ ಅದನ್ನೇ ಬಳಸಿ. ಕೆಲವು ಕಡೆ ರೆಸ್ಯೂಮೆಯಲ್ಲಿ ಮೊದಲು ಸಾಫ್ಟ್‌ವೇರೇ ಆ ಪದ ಹುಡುಕುತ್ತದೆ. ಬರದೇ ಇರೋದನ್ನು ಮಾತ್ರ ಸೇರಿಸಬೇಡಿ, ಇಂಟರ್‌ವ್ಯೂನಲ್ಲಿ ಅದನ್ನೇ ಕೆದಕುತ್ತಾರೆ.

ಹೊಸಬರು ಅಪ್ರೆಂಟಿಸ್ ಆಗಿ ಮಾಡಿದ ಕೆಲಸ ಬರೆಯಿರಿ. ಬರೆದದ್ದನ್ನು ಇಲ್ಲೇ ಹಾಕಿದರೆ ತಿದ್ದಿಕೊಡುತ್ತೇನೆ. ಹೆಸರು, ಫೋನ್ ನಂಬರ್ ಅಳಿಸಿ ಹಾಕಿ.